ಖಣದ ಚೀಲದಲ್ಲಿ ಗುಳಿಗೆ: ಗುಳೇದಗುಡ್ಡದಲ್ಲಿ ನಾನು ಕಂಡುಕೊಂಡ ದಾರಿ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನನ್ನದೊಂದು ಔಷಧ ಅಂಗಡಿ; ಗುಳಿಗೆ ಇಡಲು ಬಟ್ಟೆಯ ಚೀಲ ಕೊಟ್ಟು, ನುಂಗುವ ಹೊತ್ತನ್ನು ಅದರ ನೂಲಿನ ಗಂಟುಗಳಿಂದ ಗುರುತಿಸುತ್ತೇನೆ. ನೂಲಿಗೆ ಗಂಟು ಹಾಕಿ ಕೊಟ್ಟ ಮಾತ್ರಕ್ಕೆ ವಯಸ್ಸಾದವರು ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತಾರೆಯೇ ಎಂದು ಕೇಳಿದ ಔಷಧ ವ್ಯಾಪಾರಿ ಗೆಳೆಯರೇ ಈಗ ಚೀಲದ ಅಳತೆ ಕೇಳಿಕೊಂಡು ನನ್ನ ಅಂಗಡಿಗೆ ಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಮಗ್ಗದ ಮನೆಯ ಹಿರಿಯರು. ದಿನಕ್ಕೆ ಐದಾರು ಗುಳಿಗೆ ಅವರಿಗೆ ಸಾಮಾನ್ಯ.

ಮೊದಲು ಖಾನೆಗಳಿರುವ ಪ್ಲಾಸ್ಟಿಕ್ ಡಬ್ಬಿಗಳನ್ನು ತರಿಸಿದೆ. ಒಂದಕ್ಕೆ ಸುಮಾರು 350 ರೂಪಾಯಿಯಂತೆ ಏಳು ಸಾವಿರದಷ್ಟು ಖರ್ಚಾಯಿತು. ಸಂಧಿವಾತದ ಬೆರಳುಗಳಿಗೆ ಆ ಮುಚ್ಚಳಗಳು ತೆರೆಯಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಮಳೆಗಾಲದಲ್ಲಿ ಎದುರಾಯಿತು: ಗುಳಿಗೆ ಪಟ್ಟಿಯಿಂದ (ಸ್ಟ್ರಿಪ್) ಬಿಡಿಸಿಟ್ಟ ಆಸ್ಪಿರಿನ್ ತೇವ ಹೀರಿ, ಖಾನೆ ತೆರೆದೊಡನೆ ವಿನೆಗರ್‌ನಂಥ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮೊಬೈಲ್ ಅಲಾರಾಂ ಕೂಡ ಉಪಯೋಗಕ್ಕೆ ಬರಲಿಲ್ಲ; ಗುಳಿಗೆಯ ಹೊತ್ತಿಗೆ ಮೊಬೈಲ್ ಮೊಮ್ಮಗನ ಜೇಬಿನಲ್ಲಿರುತ್ತಿತ್ತು.

ಕೊನೆಗೆ ಉಳಿದ ಖಣದ (ನಮ್ಮೂರಿನ ಕುಪ್ಪಸದ ಬಟ್ಟೆ) ತುಂಡುಗಳಿಂದ ಗೋಡೆಗೆ ತೂಗುಹಾಕುವ ಚೀಲ ಹೊಲಿಸಿದೆ; ಹೊಲಿಗೆ ಸೇರಿ ಒಂದಕ್ಕೆ ಐವತ್ತು, ಐವತ್ತೈದು ರೂಪಾಯಿ ಬಿತ್ತು. ಪಟ್ಟಿಯನ್ನು ಕತ್ತರಿಯಿಂದ ಬಿಡಿ ಚೂರು ಮಾಡಿ, ಗುಳಿಗೆಯನ್ನು ಅದರ ಹಾಳೆಯೊಳಗೇ ಬಿಟ್ಟು ಜೇಬಿಗೆ ಹಾಕುತ್ತೇನೆ. ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುದಿಯನ್ನು ಪ್ರತ್ಯೇಕವಾಗಿ ಪಿನ್ ಮಾಡುತ್ತೇನೆ. ಕಣ್ಣಿನ ಪೊರೆ ಇದ್ದವರಿಗೆ ನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದ ಕಾರಣ ಬಣ್ಣವನ್ನು ನಂಬದೆ, ಮುಂಜಾನೆಗೆ ಒಂದು, ಮಧ್ಯಾಹ್ನಕ್ಕೆ ಎರಡು, ರಾತ್ರಿಗೆ ಮೂರು ಎಂದು ಆಯಾ ಜೇಬಿನ ನೂಲಿಗೆ ಗಂಟು ಹಾಕಿದೆ. ಗಡಿಯಾರದ ಮಾತನ್ನೇ ಎತ್ತುವುದಿಲ್ಲ. ಥೈರಾಯ್ಡ್ ಗುಳಿಗೆಯ ಚೀಲ ಬಚ್ಚಲಿನ ಬಾಗಿಲ ಹೊರಗೆ, ಮುಖ ತೊಳೆದೊಡನೆ ನೀರಿನೊಂದಿಗೆ ನುಂಗಲು. ಚಹಾ ಅರ್ಧ ತಾಸಿನ ನಂತರ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇರುವುದು ರೊಟ್ಟಿ ಬುಟ್ಟಿಯ ಮೇಲೆ, ಊಟದ ಜೊತೆಗೆ ನುಂಗಲು. ಗಂಟು ಬಿಚ್ಚಿಹೋಗದಂತೆ ಹಾಕುವ ಬಗೆಯನ್ನು ನಮ್ಮ ದರ್ಜಿಯ ಸೊತ್ತೆಂದು ಇಲ್ಲಿ ಬರೆಯುವುದಿಲ್ಲ.

ನಿಜವಾದ ಲಾಭ ಬಂದದ್ದು ಕೆಳಗಿನ ಜೇಬಿನಿಂದ. ಖಾಲಿ ಚೂರುಗಳನ್ನು ಎಸೆಯದೆ ಅದರಲ್ಲಿ ಹಾಕಬೇಕು, ಮುಂದಿನ ಸಲ ಅಂಗಡಿಗೆ ತರಬೇಕು, ನಾನು ಎಣಿಸುತ್ತೇನೆ. ಆರಂಭದಲ್ಲಿ ನಲವತ್ತು ಮನೆಗಳ ಪೈಕಿ ಅರ್ಧದಷ್ಟರಲ್ಲಿ ಲೆಕ್ಕ ಸರಿಹೊಂದುತ್ತಿತ್ತು. ದೀಪಾವಳಿಯ ಹೊತ್ತಿಗೆ ಮೂವತ್ತೈದರ ಆಸುಪಾಸು ತಲುಪಿತ್ತು. ಒಬ್ಬ ಅಜ್ಜಿಯ ಚೂರುಗಳಲ್ಲಿ ಎರಡು ಕಂಪನಿಗಳ ಮೆಟ್‌ಫಾರ್ಮಿನ್ ಸಿಕ್ಕಿತು. ಬಾಗಲಕೋಟೆಯ ವೈದ್ಯರು ಬರೆದದ್ದೊಂದು, ಊರಿನಲ್ಲಿ ಕೊಟ್ಟದ್ದೊಂದು. ‘ಎರಡೂ ಒಂದೇ ಔಷಧ, ಯಮ್ಮಾ’ ಎಂದರೆ, ‘ಬಣ್ಣ ಬ್ಯಾರೆ ಬ್ಯಾರೆ ಅದಾವಲ್ಲೋ ತಮ್ಮಾ’ ಎಂದರು. ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ, ಒಂದನ್ನು ನಿಲ್ಲಿಸಿದರು. ಯಾವ ಡಬ್ಬಿಯೂ ಇದನ್ನು ಹಿಡಿಯುತ್ತಿರಲಿಲ್ಲ.

ಬೇಸಿಗೆಯಲ್ಲಿ ಇನ್ಸುಲಿನ್‌ಗಾಗಿ ಇನ್ನೊಂದು ಪ್ರಯೋಗ ಮಾಡಿದೆ. ಫ್ರಿಜ್ ಇಲ್ಲದ ಮನೆಯಲ್ಲಿ, ಬಳಕೆಯಲ್ಲಿರುವ ಸೀಸೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಒಂದರೊಳಗೊಂದಿಟ್ಟ ಎರಡು ಮಣ್ಣಿನ ಮಡಕೆಗಳ ಪೈಕಿ ಒಳಗಿನದರಲ್ಲಿ ಆ ಡಬ್ಬಿ ಇಟ್ಟು, ಮಡಕೆಗಳ ನಡುವೆ ಒದ್ದೆ ಮರಳು ತುಂಬಿದೆ. ಕೋಣೆಯಲ್ಲಿ 37 ಡಿಗ್ರಿ ಇದ್ದಾಗ ಒಳಗೆ 27ರ ಸುಮಾರು ಇತ್ತು. ತೆರೆಯದ ಸೀಸೆಗಳು ಮಾತ್ರ ನನ್ನ ಅಂಗಡಿಯ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲೇ ಇರುತ್ತವೆ.

ಈಗ ನನ್ನ ಗಮನವೆಲ್ಲ ಶ್ರಾವಣ ಸೋಮವಾರಗಳ ಮೇಲಿದೆ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಗುಳಿಗೆ ನುಂಗಿ ಉಪವಾಸ ಕುಳಿತರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದ್ದರಿಂದ ಶ್ರಾವಣಕ್ಕೆ ಹದಿನೈದು ದಿನ ಮೊದಲೇ ಉಪವಾಸ ಮಾಡುವವರ ಪಟ್ಟಿ ಬರೆದು ಅವರವರ ವೈದ್ಯರಿಗೆ ಕಳಿಸುತ್ತೇನೆ. ಉತ್ತರ ಬಂದ ಮೇಲೆಯೇ ಆ ದಿನದ ಜೇಬು ತುಂಬುತ್ತೇನೆ.