ಬಸ್ಟರ್ ಕೀಟನ್‌ನ ಮೂಕಿ ಚಿತ್ರಗಳು: ಯಾವ ಪ್ರತಿ, ಯಾವ ವೇಗ, ಯಾವ ಕ್ರಮ

ಅಮೆರಿಕದ ಮೂಕಿ ಕಾಲದ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್‌ನ ಯಾವುದೇ ಚಿತ್ರದ ಹೆಸರು ಹಾಕಿ ಹುಡುಕಿದರೂ ಇಂಟರ್ನೆಟ್ಟಿನಲ್ಲಿ ಹತ್ತಾರು ಪ್ರತಿ ಸಿಗುತ್ತವೆ. ಅದರಲ್ಲಿ ಬಹುಪಾಲು ಕೆಟ್ಟವು. ಮೊದಲು ಸಿಕ್ಕಿದ್ದನ್ನೇ ಹಾಕಿಕೊಂಡು, ಮಸುಕು ಬೊಂಬೆಗಳು ದಡಬಡ ಓಡಾಡುವುದನ್ನು ಹತ್ತು ನಿಮಿಷ ನೋಡಿ ಕೈಬಿಟ್ಟವರು ಎಷ್ಟೋ ಜನ. ಈ ನಟ ತಲೆಯಿಂದ ಅಂಗಾಲಿನವರೆಗೆ ಇಡೀ ಮೈಯಲ್ಲಿ ಅಭಿನಯಿಸುತ್ತಾನೆ. ಫ್ರೇಮಿನ ಅಂಚು ಕತ್ತರಿಸಿ ಹೋದರೆ, ವೇಗ ತಪ್ಪಿದರೆ, ಮೊದಲು ಕೆಡುವುದು ಅದೇ.

ಪ್ರತಿ ಆರಿಸುವಾಗ ಶೀರ್ಷಿಕೆ ಫಲಕ (ದೃಶ್ಯಗಳ ನಡುವೆ ಮಾತು, ವಿವರ ಬರೆದು ತೋರಿಸುವ ಚೌಕಟ್ಟು) ಬಂದ ಕಡೆ ನಿಲ್ಲಿಸಿ ನೋಡಿ. ಅಕ್ಷರಗಳು ನಟ್ಟನಡುವೆ ಇರದೆ ಎಡಕ್ಕೆ ಒತ್ತಿಕೊಂಡಿದ್ದರೆ ಚಿತ್ರದ ಎಡಪಕ್ಕ ಕತ್ತರಿಸಿದೆ ಎಂದೇ ಲೆಕ್ಕ. ಮೂಕಿ ಕಾಲದ 35 ಎಂಎಂ ಫಿಲ್ಮಿನಲ್ಲಿ ಎರಡೂ ಅಂಚಿನ ತೂತುಗಳ ನಡುವಿನ ಪೂರ್ತಿ ಅಗಲಕ್ಕೆ ಚಿತ್ರ ಹರಡಿರುತ್ತಿತ್ತು. ಟಾಕಿ ಬಂದ ಮೇಲೆ ಎಡಗಡೆಯ ಒಂದು ಪಟ್ಟಿ ಧ್ವನಿಯ ಪಾಲಾಯಿತು. ಹಳೇ ನೆಗೆಟಿವನ್ನು ಆ ಅಳತೆಗೆ ಪ್ರಿಂಟ್ ಹಾಕಿದಾಗ ಅಷ್ಟು ಭಾಗ ಹೋಯಿತು. ಇನ್ನೊಂದು ಹಾವಳಿ ಈಚಿನದು: ಟಿವಿಯ ಅಗಲ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದ ಪ್ರತಿಗಳು. ಪಾದ ಕಾಣದಿದ್ದರೆ ಕೀಟನ್ ಜಾರಿದನೋ ಬೇಕೆಂದೇ ಬಿದ್ದನೋ ಗೊತ್ತಾಗುವುದಿಲ್ಲ. ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಉಳಿದು, ನಡುವೆ 1.33:1ರ (ಎತ್ತರದ 1.33 ಪಟ್ಟು ಅಗಲದ) ಚೌಕಟ್ಟು ಇದ್ದರೆ ಸರಿ. ಇಟಲಿಯ ಬೊಲೋನ್ಯದ ಚಿನೆಟೆಕಾ (ಚಲನಚಿತ್ರ ಸಂಗ್ರಹಾಲಯ) ಮತ್ತು ಕೋಹೆನ್ ಫಿಲ್ಮ್ ಕಲೆಕ್ಷನ್ 2015ರಲ್ಲಿ ಶುರು ಮಾಡಿದ ದುರಸ್ತಿ ಕೆಲಸದಿಂದ ಹೊರಬಂದ ಪ್ರತಿ ಸಿಕ್ಕರೆ ಬೇರೆ ಹುಡುಕಬೇಡಿ.

ಒಂದೇ ದೃಶ್ಯ ಎರಡು ಪ್ರತಿಗಳಲ್ಲಿ ತುಸು ಬೇರೆ ಕೋನದಲ್ಲಿ ಕಂಡರೆ ಗಾಬರಿ ಬೇಡ. ಆಗ ಎರಡು ಕ್ಯಾಮೆರಾ ಅಕ್ಕಪಕ್ಕ ಇಟ್ಟು ಒಂದು ನೆಗೆಟಿವನ್ನು ಅಮೆರಿಕಕ್ಕೆ, ಇನ್ನೊಂದನ್ನು ಹೊರದೇಶಕ್ಕೆ ಎಂದು ಮಾಡುವುದು ವಾಡಿಕೆಯಾಗಿತ್ತು.

ಇನ್ನು ವೇಗ. 35 ಎಂಎಂನಲ್ಲಿ ಒಂದು ಅಡಿಗೆ 16 ಫ್ರೇಮು. 1000 ಅಡಿಯ ರೀಲಿಗೆ 16,000. ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ಆ ರೀಲು 11 ನಿಮಿಷ 7 ಸೆಕೆಂಡಿನಲ್ಲಿ ಮುಗಿಯುತ್ತದೆ; 20ರಲ್ಲಿ 13 ನಿಮಿಷ 20 ಸೆಕೆಂಡು, 16ರಲ್ಲಿ 16 ನಿಮಿಷ 40 ಸೆಕೆಂಡು. ಚಿತ್ರದ ಉದ್ದ ಅಡಿಯಲ್ಲಿ ಗೊತ್ತಿದ್ದರೆ 16ರಿಂದ ಗುಣಿಸಿ, ಫ್ರೇಮಿನ ವೇಗದಿಂದ ಭಾಗಿಸಿ, ಮತ್ತೆ 60ರಿಂದ ಭಾಗಿಸಿ; ನಿಮ್ಮ ಪ್ರತಿ ಎಷ್ಟು ನಿಮಿಷ ಇರಬೇಕು ಎನ್ನುವುದು ಸಿಗುತ್ತದೆ. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಒಂದೋ ವೇಗ ಹೆಚ್ಚಿದೆ, ಇಲ್ಲವೇ ತುಂಡುಗಳು ಹೋಗಿವೆ. ಅಳತೆ ತಿಳಿಯದಿದ್ದರೆ ಸುರಿಯುವ ನೀರು, ಕೆಳಗೆ ಬೀಳುವ ವಸ್ತು, ದೂರದಲ್ಲಿ ಸುಮ್ಮನೆ ನಡೆದು ಹೋಗುವ ಜನ ಇವನ್ನು ನೋಡಿ. ಚೇಸ್ ದೃಶ್ಯ ನೋಡಿ ತೀರ್ಮಾನಿಸಲೇಬೇಡಿ. ಅಂಥ ಕಡೆ ಕೈಯಿಂದ ತಿರುಗಿಸುವ ಕ್ಯಾಮೆರಾದ ಹಿಡಿಕೆಯನ್ನು ಬೇಕೆಂದೇ ನಿಧಾನ ತಿರುಗಿಸಿ, ಪರದೆಯ ಮೇಲೆ ಓಟ ಜೋರಾಗುವಂತೆ ಮಾಡುತ್ತಿದ್ದರು.

ಕಂಪ್ಯೂಟರಿನಲ್ಲಿ ವಿಡಿಯೋ ಓಡಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ವೇಗವನ್ನು 0.83ಕ್ಕೆ ಇಳಿಸಿದರೆ 24ರ ಪ್ರತಿ 20ಕ್ಕೆ ಬರುತ್ತದೆ. 1920-21ರ ಎರಡು ರೀಲಿನ ಚಿತ್ರಗಳಿಗೆ ಇದು ಹೊಂದಬಹುದು. 1925ರ ನಂತರದ ಚಿತ್ರಗಳನ್ನು ಹೀಗೆ ಎಳೆದರೆ ಎಲ್ಲರೂ ನೀರಿನಡಿ ನಡೆದಂತೆ ಕಾಣುತ್ತಾರೆ. ಅಷ್ಟು ಹೊತ್ತಿಗೆ ಥಿಯೇಟರುಗಳು 22-24ರ ಆಸುಪಾಸಿಗೆ ಬಂದಿದ್ದವು. ದುರಸ್ತಿ ಮಾಡಿದ ಪ್ರತಿಯಲ್ಲಿ ವೇಗ ಆಗಲೇ ಸರಿಪಡಿಸಿರುತ್ತಾರೆ, ಅದನ್ನು ಮತ್ತೆ ಇಳಿಸಬೇಡಿ. ವೇಗ ಬದಲಿಸಿದರೆ ಸಂಗೀತ ಕೆಡುತ್ತದೆ, ಹಾಗಾಗಿ ಧ್ವನಿ ಮುಚ್ಚಿ ಬೇರೆ ಪಿಯಾನೋ ಹಾಕಿಕೊಳ್ಳಿ.

ಕ್ರಮದ ವಿಷಯಕ್ಕೆ ಬಂದರೆ, ಎಲ್ಲರೂ ಹೊಗಳುವ 'ದಿ ಜನರಲ್'ನಿಂದ (1926) ಶುರು ಮಾಡುವುದು ತಪ್ಪು. ಅದು ನಿಧಾನಕ್ಕೆ ಕಟ್ಟಿದ ಚಿತ್ರ, ಆತನ ವರಸೆ ಗೊತ್ತಿದ್ದರೇ ರುಚಿ. 'ಒನ್ ವೀಕ್' (1920) ಮೊದಲು ನೋಡಿ. ಎರಡೇ ರೀಲು: ಹೊಸ ಜೋಡಿ, ಪೆಟ್ಟಿಗೆಗಳಲ್ಲಿ ಬಂದ ಮನೆ, ಪೆಟ್ಟಿಗೆಯ ನಂಬರು ತಿದ್ದಿಟ್ಟ ಹೊಟ್ಟೆಕಿಚ್ಚಿನವ. ಆಮೇಲೆ ಐದು ರೀಲಿನ 'ಶೆರ್ಲಾಕ್ ಜೂನಿಯರ್' (1924).

ಇದನ್ನು ಎರಡು ಸಲ ನೋಡಬೇಕು. ಎರಡನೇ ಸಲ, ರೈಲಿನ ಡಬ್ಬಿಗಳ ಮೇಲೆ ಓಡಿ ನೀರಿನ ಟ್ಯಾಂಕಿನ ಹಗ್ಗ ಹಿಡಿಯುವ ಕಡೆ ನಿಲ್ಲಿಸಿ, ವಿಎಲ್‌ಸಿಯಲ್ಲಿ 'ಇ' (E) ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮು ಮುಂದೆ ಸರಿಸಿ. ಕೊಳವೆ ಕೆಳಗಿಳಿಯುತ್ತದೆ, ನೀರು ಮೈಮೇಲೆ ಧುಮ್ಮಿಕ್ಕುತ್ತದೆ, ಆತ ಹಳಿಯ ಮೇಲೆ ಬೀಳುತ್ತಾನೆ, ಎದ್ದು ಓಡುತ್ತಾನೆ. ಆ ಬೀಳಿನಲ್ಲೇ ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು. ಅದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಎಕ್ಸ್‌ರೇ ತೆಗೆದಾಗ. ಇಂಥ ಬೀಳು ಕಲಿತದ್ದು ಸ್ಟುಡಿಯೋದಲ್ಲಲ್ಲ. 1895ರಲ್ಲಿ ಹುಟ್ಟಿದ ಹುಡುಗ ಎಳೆವಯಸ್ಸಿನಲ್ಲೇ ಅಪ್ಪ ಅಮ್ಮನ ಜೊತೆ ರಂಗವೇರಿದವನು. ಅಪ್ಪ ಎತ್ತಿ ಎಸೆಯಲು ಅನುಕೂಲವಾಗಲೆಂದು ಅವನ ಅಂಗಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು.

ಆಮೇಲೆ ಒಂದೇ ಸಂಜೆ ಮೂರು ಚಿತ್ರಗಳನ್ನು ಸಾಲಾಗಿ ಹಾಕಿ: ಹಾಸ್ಯನಟ ರಾಸ್ಕೋ ಆರ್ಬಕಲ್ ಜೊತೆಗಿನ 'ಬ್ಯಾಕ್ ಸ್ಟೇಜ್' (1919), ಮತ್ತೊಮ್ಮೆ 'ಒನ್ ವೀಕ್', ಕೊನೆಗೆ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' (1928). ಮೂರರಲ್ಲೂ ಗೋಡೆ ಬೀಳುತ್ತದೆ, ಕೆಳಗೆ ನಿಂತವನನ್ನು ಕಿಟಕಿಯ ಜಾಗ ಉಳಿಸುತ್ತದೆ. ಮೊದಲನೆಯದು ನಾಟಕದ ಪರದೆಯಷ್ಟು ಹಗುರ. ಕೊನೆಯದು ನಿಜವಾದ ಭಾರದ ಮನೆ ಮುಂಭಾಗ, ಭುಜದ ಪಕ್ಕ ಅಂಗುಲಗಳ ಲೆಕ್ಕದಲ್ಲಷ್ಟೇ ಜಾಗ. ಒಂದೇ ತಮಾಷೆಯನ್ನು ಆತ ಒಂಬತ್ತು ವರ್ಷ ಹೇಗೆ ಬೆಳೆಸಿದ ಎಂಬುದು ಇಲ್ಲಿ ಕಾಣುವಷ್ಟು ಯಾವ ಜೀವನಚರಿತ್ರೆಯಲ್ಲೂ ಕಾಣದು.

ಈಗ 'ದಿ ಜನರಲ್'. ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಸುತ್ತ ತೆಗೆದದ್ದು. ಸೇತುವೆ ಮುರಿದು ನದಿಗೆ ಬೀಳುವ ಇಂಜಿನ್ ನಿಜವಾದ ಇಂಜಿನ್, ಮಾಡೆಲ್ ಅಲ್ಲ. ದುಡ್ಡು ಹುಟ್ಟಲಿಲ್ಲ. 1928ರಲ್ಲಿ ಕೀಟನ್ ಸ್ವಂತ ಘಟಕ ಬಿಟ್ಟು ಹಾಲಿವುಡ್‌ನ ದೊಡ್ಡ ಸ್ಟುಡಿಯೋ ಎಂಜಿಎಂ ಸೇರಿದ.

ಟಾಕಿ ಬಂದು ಆತ ಮುಳುಗಿದ ಎಂದು ಓದಿದ್ದರೆ ನೀವೇ ಪರೀಕ್ಷಿಸಿ. 'ದಿ ಕ್ಯಾಮೆರಾಮನ್' (1928), 'ಸ್ಪೈಟ್ ಮ್ಯಾರೇಜ್' (1929), ಟಾಕಿಯಾದ 'ಫ್ರೀ ಅಂಡ್ ಈಸಿ' (1930) ಈ ಮೂರನ್ನೂ ನೋಡುತ್ತಾ, ಕಟ್ ಇಲ್ಲದೆ ಆತನ ಪೂರ್ತಿ ಮೈ ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ಹಿಡಿದು ಗುರುತು ಹಾಕಿಕೊಳ್ಳಿ. ರಂಗಭೂಮಿಯಲ್ಲಿ ಪಳಗಿದ ದನಿಗೆ ಏನೂ ಕೊರತೆಯಿರಲಿಲ್ಲ. ಕಥೆ, ಕ್ಯಾಮೆರಾ, ಎಡಿಟಿಂಗ್ ಎಲ್ಲವೂ ಬೇರೆಯವರ ಕೈಗೆ ಹೋದದ್ದೇ ಪೆಟ್ಟು. 1933ರಲ್ಲಿ ಎಂಜಿಎಂ ಕೆಲಸದಿಂದ ತೆಗೆಯಿತು.

ವೇಷ ಹಾಕುವವರಿಗೆ ಒಂದು ಮಾತು. ತನ್ನ ಗುರುತೇ ಆಗಿದ್ದ ಚಪ್ಪಟೆ ಟೋಪಿಯನ್ನು ಕೀಟನ್ ತಾನೇ ಮಾಡಿಕೊಳ್ಳುತ್ತಿದ್ದ: ಒಳ್ಳೆಯ ಫೆಲ್ಟ್ ಟೋಪಿಯನ್ನು ಕತ್ತರಿಸಿ ಗಿಡ್ಡ ಮಾಡಿ, ಒಂದು ಟೀ ಕಪ್ ಬೆಚ್ಚನೆ ನೀರಿಗೆ ಮೂರು ತುಂಬು ಚಮಚ ಸಕ್ಕರೆ ಕರಗಿಸಿ, ಅಂಚಿನ ಮೇಲೂ ಕೆಳಗೂ ಹಚ್ಚಿ, ಗಟ್ಟಿಯಾದ ಸ್ವಚ್ಛ ಹಲಗೆಯ ಮೇಲೆ ನೀವಿ ಒಣಗಿಸುವುದು. ಕರಾವಳಿಯ ಮಳೆಗಾಲದಲ್ಲಿ ಅಂಚು ಜೋತುಬೀಳುತ್ತದೆ, ಇರುವೆಯೂ ಬರುತ್ತದೆ. ಡಬ್ಬಿಯಲ್ಲಿ ಮುಚ್ಚಿಡಿ.

ಊರಲ್ಲಿ ಪ್ರದರ್ಶನ ಇಡುವುದಾದರೆ ಫಲಕಗಳ ಮಾತನ್ನು ಕನ್ನಡದಲ್ಲಿ ಬರೆದು ಎಸ್‌ಆರ್‌ಟಿ (.srt, ಅಡಿಬರಹದ) ಕಡತ ಮಾಡಿ, ಯುಟಿಎಫ್-8 (UTF-8) ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ. ಇಲ್ಲದಿದ್ದರೆ ಅಕ್ಷರದ ಬದಲು ಏನೇನೋ ಗುರುತು ಬರುತ್ತವೆ. ಸಾಲು ಚಿಕ್ಕದಿರಲಿ, ಫಲಕ ಮರೆಯಾದ ಮೇಲೆ ನಟನ ಕಾಲಿನ ಮೇಲೆ ಅಕ್ಷರ ಉಳಿಯಬಾರದು. ಭಾರತದಲ್ಲಿ ಚಲನಚಿತ್ರದ ಹಕ್ಕು ಪ್ರಕಟವಾದ 60 ವರ್ಷಕ್ಕೆ ಮುಗಿಯುವುದರಿಂದ ಮೂಲ ಚಿತ್ರಗಳಿಗೆ ತೊಡಕಿಲ್ಲ. ಆದರೆ ಹೊಸದಾಗಿ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕಿದೆ. ಅದಕ್ಕೆ ಅನುಮತಿ ಪಡೆಯಿರಿ, ಇಲ್ಲವೇ ಊರಿನ ಹಾರ್ಮೋನಿಯಂ ಕಲಾವಿದರನ್ನು ಕೂರಿಸಿ.