ಅಣ್ಣ ಅಪ್ಪನ ಬಳಿ, ತಂಗಿ ಅಮ್ಮನ ಬಳಿ: ಮಕ್ಕಳ ಪರಸ್ಪರ ಭೇಟಿಗೆ ಆದೇಶ ಪಡೆಯುವುದು ಹೇಗೆ?

ಮಗ ಎರಡನೇ ಭಾನುವಾರ ತಾಯಿಯ ಮನೆಗೆ, ಮಗಳು ಅದೇ ಭಾನುವಾರ ತಂದೆಯ ಮನೆಗೆ. ಭೇಟಿಯ ಆದೇಶ ಹೀಗಿದ್ದರೆ ತಂದೆ–ತಾಯಿಗೆ ತಕರಾರಿಲ್ಲ; ಮಕ್ಕಳು ಮಾತ್ರ ವರ್ಷವಿಡೀ ಪರಸ್ಪರ ಮುಖ ನೋಡುವುದಿಲ್ಲ. ಯಾರೂ ಕೇಳದಿದ್ದರೆ ಕೋರ್ಟ್ ತಾನಾಗಿ ಇದನ್ನು ಗಮನಿಸುವುದು ಕಡಿಮೆ.

ಒಡಹುಟ್ಟಿದವರ ಭೇಟಿಗೆಂದೇ ಪ್ರತ್ಯೇಕ ಕಲಂ ಭಾರತದ ಕಾನೂನಿನಲ್ಲಿಲ್ಲ. ಹಾಗಾಗಿ ಅರ್ಜಿಯನ್ನು ‘ಮಗುವಿನ ಹಿತ’ದ ಮೇಲೆ ನಿಲ್ಲಿಸಬೇಕು. ವಿಚ್ಛೇದನದ ದಾವೆ ನಡೆಯುತ್ತಿದ್ದರೆ ಅದೇ ಕೌಟುಂಬಿಕ ನ್ಯಾಯಾಲಯದಲ್ಲಿ, ಹಿಂದೂ ವಿವಾಹ ಕಾಯ್ದೆ 1955ರ 26ನೇ ಕಲಂ ಅಡಿ ಮಧ್ಯಂತರ ಅರ್ಜಿ (ದಾವೆ ಮುಗಿಯುವ ಮೊದಲೇ ಆದೇಶ ಕೋರುವ ಅರ್ಜಿ) ಹಾಕಿ. ಡಿಕ್ರಿ (ದಾವೆಯ ಅಂತಿಮ ಆದೇಶ) ಆದ ನಂತರವೂ ಈ ಕಲಂ ಅಡಿ ಕೇಳಬಹುದು. ದಾವೆಯೇ ಇಲ್ಲದಿದ್ದರೆ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆ ಇದೆ. ಅಲ್ಲಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೇ ಹೋಗಬೇಕು. ತಪ್ಪು ಕೋರ್ಟಿಗೆ ಹೋದರೆ ಅರ್ಜಿ ವಾಪಸು, ತಿಂಗಳುಗಳು ವ್ಯರ್ಥ.

ಅಫಿಡವಿಟ್ ಜೊತೆ ಇಬ್ಬರೂ ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ರಜಾಪಟ್ಟಿ, ಹಳೆಯ ಆದೇಶದ ಪ್ರತಿ ಇಡಿ.

ಮುಖ್ಯವಾದದ್ದು ಕೋರಿಕೆಯ ಭಾಗ. ‘ಸೂಕ್ತ ಭೇಟಿಗೆ ಅವಕಾಶ ಕೊಡಿ’ ಎಂದರೆ ಆದೇಶವೂ ಅಷ್ಟೇ ಮಸುಕಾಗಿ ಬರುತ್ತದೆ. ಅದನ್ನು ಜಾರಿ ಮಾಡಿಸುವುದು ಕಷ್ಟ. ಹೀಗೆ ಬರೆಸಿ: ಎರಡನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5ರವರೆಗೆ ಇಬ್ಬರೂ ತಾಯಿಯ ಬಳಿ, ನಾಲ್ಕನೆಯದರಲ್ಲಿ ಇಬ್ಬರೂ ತಂದೆಯ ಬಳಿ. ಬೇಸಿಗೆ ರಜೆಯಲ್ಲಿ ಒಟ್ಟಿಗೆ ಕಳೆಯುವ ದಿನಗಳು, ಕರೆದೊಯ್ಯುವವರು ಯಾರು, ಮಕ್ಕಳನ್ನು ಒಪ್ಪಿಸುವ ಜಾಗ, ಭೇಟಿ ತಪ್ಪಿದರೆ ಬದಲಿ ದಿನ, ಇವೆಲ್ಲ ಬೇಕು. ಊರುಗಳು ದೂರವಿದ್ದರೆ ವಾರದ ವಿಡಿಯೊ ಕರೆಯನ್ನೂ ಸೇರಿಸಿ. ನೇರ ಭೇಟಿ ಆಗದಾಗ ಇಂಥ ಸಂಪರ್ಕವೂ ಮಗುವಿಗೆ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ.

ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಕೇಳಬಹುದು. ಉತ್ತರ ಬಾಯಿಪಾಠ ಮಾಡಿಸಬೇಡಿ. ಒಂದೆರಡು ಪ್ರಶ್ನೆಯಲ್ಲೇ ಗುಟ್ಟು ರಟ್ಟಾಗಿ, ಅನುಮಾನ ನಿಮ್ಮ ಮೇಲೆಯೇ ತಿರುಗುತ್ತದೆ.

ತಂದೆ–ತಾಯಿ ಇಬ್ಬರೂ ಒಪ್ಪಿದರೆ ಜಂಟಿ ಮೆಮೊ (ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ) ಸಲ್ಲಿಸಿ, ಅದನ್ನು ಆದೇಶದಲ್ಲಿ ಸೇರಿಸಲು ಕೇಳಿ. ಬಾಯಿಮಾತಿನ ಒಪ್ಪಂದ ಮೊದಲ ಜಗಳಕ್ಕೇ ಮುರಿಯುತ್ತದೆ.

ಎದುರಿನವರು ಮಗುವನ್ನು ಕಳಿಸದಿದ್ದರೆ ಸೇಡಿಗೆ ನೀವೂ ತಡೆಯಬೇಡಿ. ದಿನಾಂಕ, ಸಂದೇಶಗಳನ್ನು ಜೋಪಾನವಾಗಿಟ್ಟು ಅದೇ ಕೋರ್ಟಿನಲ್ಲಿ ಜಾರಿ ಅರ್ಜಿ ಹಾಕಿ. ವಕೀಲರಿಗೆ ಹಣವಿಲ್ಲವೇ? ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.