ಆರು ವಾರ, ಹನ್ನೆರಡು ಚಿತ್ರ: ಕಲಾ ಇತಿಹಾಸ ಕಲಿಸಿದ ನನ್ನ ಅನುಭವ

ಸಾರ್ವಜನಿಕರಿಗಾಗಿ ಆರು ವಾರಗಳ ಕಲಾ ಇತಿಹಾಸ ತರಗತಿಯನ್ನು ಮೊದಲ ಸಲ ವಹಿಸಿಕೊಂಡಾಗ, ಗುಹಾಚಿತ್ರಗಳಿಂದ ಹಿಡಿದು ಇಪ್ಪತ್ತನೆಯ ಶತಮಾನದವರೆಗಿನ ಎಲ್ಲವನ್ನೂ ಕಾಲಾನುಕ್ರಮದಲ್ಲಿ ಹೇಳಿ ಮುಗಿಸಬೇಕೆಂದು ಹಟ ಹಿಡಿದಿದ್ದೆ. ಒಂದೂವರೆ ಗಂಟೆಯಲ್ಲಿ ಅರವತ್ತು ಸ್ಲೈಡುಗಳು ಓಡುತ್ತಿದ್ದವು. ಬಂದವರು ತಲೆ ಬಗ್ಗಿಸಿ ಹೆಸರು, ಇಸವಿಗಳನ್ನು ಬರೆದುಕೊಳ್ಳುತ್ತಿದ್ದರೇ ಹೊರತು ಪರದೆಯತ್ತ ನೋಡಲು ಅವರಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲ. ನಾಲ್ಕನೆಯ ವಾರದ ಹೊತ್ತಿಗೆ ಅರ್ಧ ಕುರ್ಚಿಗಳು ಖಾಲಿಯಾಗಿದ್ದವು. ದಿನದ ದುಡಿಮೆ ಮುಗಿಸಿ, ಪದವಿಯ ಹಂಗಿಲ್ಲದೆ, ಬರೀ ಆಸೆಯಿಂದ ಬಂದವರಿಗೆ ನಾನು ಪರೀಕ್ಷೆಯ ಪಾಠ ಮಾಡಿದ್ದೆ ಎಂಬುದು ಆಗ ಮನದಟ್ಟಾಯಿತು.

ಎರಡನೆಯ ಸಲ ವಾರಕ್ಕೆ ಎರಡರಂತೆ ಹನ್ನೆರಡೇ ಚಿತ್ರಗಳನ್ನು ಆರಿಸಿಕೊಂಡೆ. ಇಸವಿಗಳೆಲ್ಲ ಒಂದು ಹಾಳೆಯಲ್ಲಿ ಅಚ್ಚಾಗಿ ಅವರವರ ಕೈ ಸೇರಿದವು. ಚಿತ್ರ ತೋರಿಸಿದ ಮೇಲೆ ಹದಿನೈದು ನಿಮಿಷ ಕಲಾವಿದನ ಹೆಸರನ್ನಾಗಲಿ ಕಾಲವನ್ನಾಗಲಿ ಹೇಳದೆ, ಏನು ಕಾಣುತ್ತಿದೆ ಎಂದಷ್ಟೇ ಕೇಳುತ್ತಿದ್ದೆ. ಮೊದಲ ಎರಡು ಮೂರು ನಿಮಿಷಗಳ ಮೌನವನ್ನು ತಾಳಿಕೊಳ್ಳುವುದು ಕಲಿಸುವವರಿಗೇ ಕಷ್ಟ. ಆದರೆ ಅದನ್ನು ನಮ್ಮ ಮಾತಿನಿಂದ ತುಂಬಿಬಿಟ್ಟರೆ ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಫ್ಲಾಂಡರ್ಸ್‌ನ ಚಿತ್ರಕಾರ ಯಾನ್ ವಾನ್ ಐಕ್ 1434ರಲ್ಲಿ ಓಕ್ ಹಲಗೆಯ ಮೇಲೆ ಬರೆದ ಅರ್ನೋಲ್ಫಿನಿ ದಂಪತಿಯ ತೈಲಚಿತ್ರವನ್ನು ತೋರಿಸಿದ ದಿನ, ಹಸಿರು ನಿಲುವಂಗಿ ತೊಟ್ಟ ಹೆಣ್ಣು ಗರ್ಭಿಣಿ ಎಂದು ಹೆಚ್ಚಿನವರು ಒಮ್ಮೆಲೇ ತೀರ್ಮಾನಿಸಿದರು. ಹೊಲಿಗೆ ಕೆಲಸ ಮಾಡುವ ಮಹಿಳೆಯೊಬ್ಬರು ಎದ್ದು ಪರದೆಯ ಹತ್ತಿರ ಬಂದರು. "ಅದು ಹೊಟ್ಟೆಯಲ್ಲ ಸರ್, ಬಟ್ಟೆ. ಎಡಗೈ ನೋಡಿ, ಮುಂದಿನ ಬಟ್ಟೆಯನ್ನೆಲ್ಲ ಒಟ್ಟುಮಾಡಿ ಹಿಡಿದುಕೊಂಡಿದ್ದಾಳೆ. ಇಷ್ಟು ಬಟ್ಟೆ ಹಿಡಿಯದಿದ್ದರೆ ನಡೆಯೋಕಾಗಲ್ಲ," ಎಂದರು. ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯವೂ ಅದೇ ಎಂದು ನಾನು ಹೇಳಿದಾಗ ತರಗತಿಯ ಚಹರೆಯೇ ಬದಲಾಯಿತು. ಅಷ್ಟೊಂದು ಬಟ್ಟೆಯನ್ನು ಕೊಳ್ಳುವವರು ಯಾರು, ಕಿಟಕಿಯ ಬಳಿ ಕಿತ್ತಳೆ ಹಣ್ಣುಗಳೇಕೆ ಎಂದು ಅವರಾಗಿಯೇ ಕೇಳತೊಡಗಿದರು. ಇಂದಿನ ಬೆಲ್ಜಿಯಂನ ಬ್ರೂಜ್ ನಗರದಲ್ಲಿ ನೆಲೆಸಿದ್ದ ಇಟಲಿಯ ವರ್ತಕರ ಸಿರಿವಂತಿಕೆಯ ಕಥೆ ಆ ಪ್ರಶ್ನೆಗಳಿಗೆ ಉತ್ತರವಾಗಿ ಬಂತು. ಹಿಂಗೋಡೆಯ ಉಬ್ಬುಗನ್ನಡಿಯಲ್ಲಿ ಬಾಗಿಲ ಬಳಿ ನಿಂತ ಇಬ್ಬರನ್ನು ಹುಡುಕಿಕೊಂಡವರಿಗೆ, ಕನ್ನಡಿಯ ಮೇಲ್ಗಡೆ ಗೋಡೆಯಲ್ಲಿ ಬರೆದಿರುವ "ಯಾನ್ ವಾನ್ ಐಕ್ ಇಲ್ಲಿದ್ದ" ಎಂಬ ಲ್ಯಾಟಿನ್ ಸಾಲಿನ ಅರ್ಥ ಹೇಳಿದಾಗ ಆದ ಸಂತೋಷ ನನಗಿನ್ನೂ ನೆನಪಿದೆ.

ಪ್ರೊಜೆಕ್ಟರ್‌ನಿಂದ ಆಗುವ ದೊಡ್ಡ ಮೋಸವೆಂದರೆ ಎಲ್ಲ ಚಿತ್ರಗಳನ್ನೂ ಅದು ಒಂದೇ ಅಳತೆಗೆ ತಂದುಬಿಡುತ್ತದೆ. ಮೋನಾಲಿಸಾ ಗೋಡೆ ತುಂಬುವಷ್ಟು ದೊಡ್ಡದೆಂದು ಒಬ್ಬರು ನಂಬಿಕೊಂಡಿದ್ದರು. ಅಂದಿನಿಂದ ಅಳತೆ ಪಟ್ಟಿಯನ್ನೂ ಹಗ್ಗವನ್ನೂ ಜೊತೆಗೆ ಒಯ್ಯುತ್ತೇನೆ. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಕಾಗದವನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತೇವೆ. ಪಿಕಾಸೊ 1937ರಲ್ಲಿ ಬರೆದ ಗೆರ್ನಿಕಾದ ಸುಮಾರು 7.8 ಮೀಟರ್ ಅಗಲಕ್ಕೆ ನೆಲದ ಮೇಲೆ ಹಗ್ಗ ಎಳೆದು, ಅದರುದ್ದಕ್ಕೂ ಒಬ್ಬೊಬ್ಬರಾಗಿ ನಡೆಯುತ್ತೇವೆ.

ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದು ಸ್ವಿಟ್ಜರ್ಲೆಂಡಿನ ಕಲಾ ಇತಿಹಾಸಕಾರ ಹಾಯ್ನ್‌ರಿಖ್ ವೋಲ್ಫ್ಲಿನ್ ಜನಪ್ರಿಯಗೊಳಿಸಿದ ಹಳೆಯ ಪದ್ಧತಿಯಾದರೂ ಹೊಸಬರಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಯೇಸು ಶಿಷ್ಯರೊಂದಿಗೆ ಉಣ್ಣುವುದನ್ನು ತೋರಿಸುವ ಲಿಯೊನಾರ್ಡೊನ 'ಕೊನೆಯ ಭೋಜನ' ಚಿತ್ರದಲ್ಲಿ ಮೇಜು ನಮಗೆ ನೇರ ಎದುರಾಗಿದೆ. ಸುಮಾರು ನೂರು ವರ್ಷಗಳ ಬಳಿಕ ವೆನಿಸಿನ ಚಿತ್ರಕಾರ ಟಿಂಟೊರೆಟ್ಟೊ ಅದೇ ಪ್ರಸಂಗವನ್ನು ಬರೆದಾಗ ಮೇಜು ಓರೆಯಾಗಿ ಕತ್ತಲೆಯೊಳಕ್ಕೆ ಸಾಗುತ್ತದೆ. ಶೈಲಿಯ ಹೆಸರುಗಳನ್ನು ಹೇಳುವ ಮೊದಲೇ ಆ ಬದಲಾವಣೆ ಎಲ್ಲರ ಕಣ್ಣಿಗೆ ಬಿದ್ದಿರುತ್ತದೆ.

ಕೊನೆಯ ವಾರ ನಾನು ಮಾತಾಡುವುದಿಲ್ಲ. ಅವರೇ ಒಂದೊಂದು ಚಿತ್ರದ ಮುಂದೆ ನಿಂತು ಹೇಳಬೇಕು. ಮನೆಗಳಿಗೆ ಬಣ್ಣ ಬಳಿಯುವ ಒಬ್ಬರು ಡಚ್ ಚಿತ್ರಕಾರ ವರ್ಮೀರ್‌ನ ಚಿತ್ರದಲ್ಲಿ ಹಾಲು ಸುರಿಯುವ ಹೆಣ್ಣನ್ನು ಬಿಟ್ಟು, ಅವಳ ಹಿಂದಿನ ಬಿಳಿ ಗೋಡೆಯ ಬಗ್ಗೆಯೇ ಮಾತಾಡಿದರು. ಅಲ್ಲಿನ ಮೊಳೆ, ಅದರ ನೆರಳು, ಮೊಳೆ ಕಿತ್ತ ತೂತುಗಳನ್ನೆಲ್ಲ ತೋರಿಸಿ, "ಇಲ್ಲಿ ಮೊದಲು ಏನೋ ತೂಗುಹಾಕಿದ್ದಿರಬೇಕು," ಎಂದರು. ವರ್ಮೀರ್ ಆ ಗೋಡೆಯ ಮೇಲೆ ಮೊದಲು ಹೂಜಿಗಳನ್ನು ತೂಗುಹಾಕುವ ಹಲಗೆಯೊಂದನ್ನು ಬರೆಯತೊಡಗಿ ಆಮೇಲೆ ಮುಚ್ಚಿಬಿಟ್ಟಿದ್ದನೆಂದು ವೈಜ್ಞಾನಿಕ ಪರೀಕ್ಷೆಯಿಂದ ಗೊತ್ತಾದದ್ದು 2022ರಲ್ಲಿ. ಅದನ್ನು ನಾನು ತರಗತಿಯಲ್ಲಿ ಆವರೆಗೆ ಹೇಳಿರಲಿಲ್ಲ.